ಮೋಟರು, ಉಸುಕಿನ ಚೀಲ ಮತ್ತ ನಾನು

ನಮ್ಮ ಹೊಳಿದಂಡಿ ಮಂದಿ ಮನಸು ಭಾಳ ದೊಡ್ಡದು. ಒಬ್ಬ ಮನಷ್ಯಾ ಒಬ್ಬಂಟಿಯಾಗಿ ದೋಣಿಯಾಗ ಹುಟ್ಟು ಹಾಕ್ಕೋಂತ ಹೊಂಟಿದ್ದು ಕಂಡ್ರ ಅವರಿಗೆ ತಡಕೊಳ್ಳಾಕ ಆಗೂದಿಲ್ಲ. ಏನರ ಕೊಡಬೇಕು, ಏನರ ಹೇಳಬೇಕು, ಇಲ್ಲಾ ತಾವ ಹತ್ತಿ ಕುಂಡ್ರಬೇಕು. ಹಿಂಗಾಗಿ ನನಗ ವಾರಕ್ಕೊಂದು ಫಜೀತಿ ಕಾಯಂ.

ನಾನು ಮುಂಡರಗಿ ತಾಲೂಕಿನ ಹೊಳಿದಂಡಿ ಊರಾಗ ಮೋಟರ್ ರಿಪೇರಿ ಮಾಡಾಂವ. ತುಂಗಭದ್ರಾ ದಂಡಿಗುಂಟ ರೈತರ ಪಂಪಸೆಟ್ ಅದಾವಲ್ಲ, ಅವು ಸುಟ್ಟಾಗ ಫೋನ್ ಬರೂದು ನನಗ. ಮಳಿಗಾಲದಾಗ ಆ ಎರಿ ಹೊಲದ ದಾರಿಗೆ ಬೈಕ್ ಒಯ್ದ್ರ ಗಾಲಿಗೆ ಮಣ್ಣು ಮೆತ್ಕೊಂಡು, ಗಾಡಿ ನನ್ನನ್ನ ಒಯ್ಯೂದು ಬಿಟ್ಟು ನಾನ ಗಾಡಿ ಹೊತ್ಕೊಂಡು ಬರಬೇಕು. ಅದಕ್ಕ ಎರಡು ವರ್ಷದ ಹಿಂದ, ಎಲ್ಲೋ ಬಂದಾದ ರೆಸಾರ್ಟಿನಿಂದ ಒಂದು ಹಳೇ ಫೈಬರ್ ದೋಣಿ ತಂದೆ. ಉದ್ದಕ, ಸಪೂರ, ಒಬ್ಬ ಮನಷ್ಯಾ ಕುಂಡ್ರೂವಷ್ಟ. ಬ್ಯಾರೇಜಿನ ಹಿಂದ ನೀರು ನಿಂತಿರತೈತಿ, ಸೆಳವು ಕಡಿಮಿ. ನನಗ ಈಜು ಬರೂದಿಲ್ಲ, ಅದಕ್ಕ ಮೈಮ್ಯಾಲೆ ತೇಲೂ ಜಾಕೀಟು ಇರತೈತಿ. ಇಷ್ಟು ತಯಾರಿ ಸಾಕು ಅಂದ್ಕೊಂಡಿದ್ದೆ.

ದೇವರಾದ ಕಲ್ಲು

ನಮ್ಮ ಹರಿಗೋಲು ಗುಂಡಗ, ಬುಟ್ಟಿ ಇದ್ದಂಗ. ಎಲ್ಲಿ ಕುಂತ್ರೂ ನಡೀತೈತಿ. ಈ ದೋಣಿಗೆ ಹಂಗಲ್ಲ, ಮುಂದ-ಹಿಂದ ಅಂತ ಐತಿ. ಮೊದಲನೇ ದಿನ ನಾನು ದೊಡ್ಡ ಠೀವಿಲೆ ಹಿಂದ ಕುಂತೆ. ಮುಂದ ಭಾರ ಇಲ್ಲ, ದೋಣಿ ಮೂತಿ ಮ್ಯಾಲೆದ್ದಿತು. ಗಾಳಿ ಬಂದು ಆ ಮೂತಿ ಹಿಡದು ತಿರುವಿತು. ನಾನು ಹುಟ್ಟು ಹಾಕಿದಷ್ಟೂ ದೋಣಿ ಗರಾ ಗರಾ ತಿರಗಿ ಹೊಂಟಲ್ಲಿಗೇ ಬಂದು ನಿಂತಿತು.

ದಂಡಿಮ್ಯಾಲೆ ಎಮ್ಮಿ ಮೈ ತೊಳಿಯಾಕತ್ತಿದ್ದ ಅಜ್ಜ ಒಬ್ಬಾಂವ, "ಯಾಕ ಮೇಸ್ತ್ರಿ, ಏನರ ಮರತ್ರೇನು?" ಅಂದ.

ನಾನು ಸುಮ್ಮ ರಿಪೇರಿ ಸಾಮಾನಿನ ಪಾನಾ ಪೆಟಗಿ ಮುಟ್ಟಿ ನೋಡಿದಂಗ ಮಾಡಿ ಮತ್ತ ಹೊಂಟೆ. ಮತ್ತ ಬಂದೆ. ಮೂರನೇ ಸಲ ಬಂದಾಗ ಅಜ್ಜಗ ಖರೇನ ಕನಿಕರ ಆತು. "ಒಂದು ಸಲ ಕುಂತು ಎಲ್ಲಾ ನೆನಪ ಮಾಡ್ಕೋರಿ, ಒಮ್ಮೆಲೇ ತಗೊಂಡು ಹೋಗೀರಂತ" ಅಂದ.

ಅಲ್ಲೇ ಇದ್ದ ಮೀನು ಹಿಡಿಯಾಂವ ನನ್ನ ಗೋಳು ನೋಡಿ, ಮೂತಿಯೊಳಗ ಒಂದು ಕಲ್ಲು ಇಟ್ಕೋರಿ, ನೀವು ನಡುವಿಗೆ ಸರೀರಿ ಅಂತ ಹೇಳಿದ. ಒಂದು ಚೊಲೋ ಗುಂಡನ ಕಲ್ಲು ಹುಡಿಕಿ ಇಟ್ಟೆ. ದೋಣಿ ನೆಟ್ಟಗ ಹೋತು. ಸಂಜೀಕ ಬಂದು ಕಲ್ಲು ದಂಡಿಮ್ಯಾಲಿನ ಬೇವಿನ ಗಿಡದ ಬುಡಕ ಇಟ್ಟು ಮನಿಗೆ ಹೋದೆ. ಮರುದಿನ ಮುಂಜಾನೆ ಬಂದು ನೋಡಿದ್ರ ಕಲ್ಲಿಗೆ ಅರಿಷಿಣ, ಕುಂಕುಮ, ಮ್ಯಾಲೆ ಎರಡು ದಾಸವಾಳ. ಒಬ್ಬಾಕಿ ಕಾಯಿ ಒಡಿಯಾಕತ್ತಿದ್ಲು.

"ತಂಗೀ, ಅದು ನನ್ನ ದೋಣಿ ಕಲ್ಲು" ಅಂದೆ.

"ಹೌದ್ರಿ? ಹಂಗಾರ ದೋಣೀನೂ ಇಲ್ಲೇ ತರ್ರಿ, ಅದಕ್ಕೂ ಕುಂಕುಮ ಹಚ್ತೀನಿ" ಅಂದ್ಲು.

ಬ್ಯಾರೆ ಕಲ್ಲು ತಂದೆ. ಎಂಟು ದಿನದಾಗ ಆ ಬೇವಿನ ಗಿಡದ ಬುಡಕ ಮೂರು ದೇವ್ರು ಆದ್ವು. ಆಮ್ಯಾಲೆ ಉಸುಕಿನ ಚೀಲ ಇಟ್ಕೊಳ್ಳಾಕ ಚಾಲೂ ಮಾಡಿದೆ. ಉಸುಕಿಗೆ ಇನ್ನೂ ಯಾರೂ ಕಾಯಿ ಒಡದಿಲ್ಲ.

ಚಾ ಕುಡದು ಹೋಗ್ರಿ

ಒಬ್ಬ ರೈತನ ಸುಟ್ಟ ಮೋಟರು ದೋಣಿಗೆ ಹಾಕ್ಕೊಂಡು ಹೊಂಟಿದ್ದೆ. ಮೋಟರು ನಡುವ, ಉಸುಕು ಮುಂದ, ನಾನು ಹಿಂದ. ಎಲ್ಲಾ ಬರಾಬರಿ. ದಂಡಿ ಬಿಟ್ಟು ನಾಕು ಮಾರು ಹೋಗಿದ್ದಿಲ್ಲ, ಆ ರೈತ ಎದಿಮಟ ನೀರಾಗ ಇಳದು ಬೆನ್ನು ಹತ್ತಿದ. ಕೈಯಾಗ ಕಪ್ಪು-ಬಶಿ.

"ಮೇಸ್ತ್ರಿ, ಚಾ ಆಗೇತಿ. ಕುಡದು ಹೋಗ್ರಿ."

"ಬ್ಯಾಡ್ರಿ, ದೋಣಿ ಹೊಂಟೈತಿ."

"ಹಂಗ ಹ್ಯಾಂಗ ಹೋಗ್ತೀರಿ? ನಮ್ಮಾಕಿ ಬೈತಾಳ."

ನೀರಾಗ ನಿಂತು ಚಾ ಹಿಡದಾಂವಗ ಬ್ಯಾಡ ಅನ್ನೂವಷ್ಟು ಕಲ್ಲು ಮನಸು ನನ್ನದಲ್ಲ. ಹುಟ್ಟು ತೊಡಿಮ್ಯಾಲೆ ಇಟ್ಟು ಎರಡೂ ಕೈ ಚಾಚಿದೆ. ದೋಣಿನೂ ನನ್ನ ಕೂಡ ಆ ಬಾಜೂಕ ಬಾಗಿತು. ಮೋಟರು ಮೊದಲು ಹೋತು, ಹಿಂದ ನಾನು. ಜಾಕೀಟು ನನ್ನ ಎತ್ತಿ ಮ್ಯಾಲೆ ತಂದಾಗ ಕಪ್ಪು ಇನ್ನೂ ನನ್ನ ಕೈಯಾಗ ಇತ್ತು.

ಮೀನು ಹಿಡಿಯಾವ್ರು ಮುಳುಗಿ ಹಗ್ಗ ಕಟ್ಟಿ ಮೋಟರು ತಗದ್ರು. ಮೊದಲ ಸುಟ್ಟ ಮೋಟರು, ಇನ್ನ ಕೆಡಾಕ ಅದರಾಗ ಏನೂ ಉಳದಿದ್ದಿಲ್ಲ. ಆ ರೈತ ಮೋಟರು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನನ್ನ ಕೈಯಾಗಿನ ಕಪ್ಪಿನೊಳಗ ಇಣಿಕಿ, "ಹೊಳಿ ನೀರು ಬಿದ್ದಾವ, ಒಗೀರಿ. ಬ್ಯಾರೆ ತರ್ತೀನಿ" ಅಂದ.

ಸುದ್ದಿ ನನಗಿಂತ ಮೊದಲ ಮನಿ ಮುಟ್ಟಿತ್ತು. ನನ್ನ ಹೇಂತಿ ಬಾಗಲದಾಗ ಟವೆಲ್ ಹಿಡಕೊಂಡು ನಿಂತಿದ್ಲು. ಅತ್ತಿದ್ದು ಮುಖದಾಗ ಕಾಣತಿತ್ತು.

"ಈಜು ಬರದಾವ್ರಿಗೆ ಯಾಕ ಬೇಕ್ರಿ ಇದು? ಇನ್ನೊಮ್ಮೆ ಪಲ್ಟಿ ಆತಂದ್ರ ದೋಣಿ ಮಾರಬೇಕು. ನನ್ನ ಮ್ಯಾಲೆ ಆಣಿ ಮಾಡ್ರಿ."

ಆಣಿ ಮಾಡಿದೆ. ಮಾಡಿದ ಮ್ಯಾಲೆ ಕುಂತು ಲೆಕ್ಕಾ ಹಾಕಿದೆ. ದೋಣಿ ಹೋದ್ರ ಮಳಿಗಾಲದ ಕೆಲಸ ಎಲ್ಲಾ ಹೋತು. ಅದಕ್ಕಿಂತ ಹೆಚ್ಚಿಂದು ಏನಂದ್ರ, ದಿನಾ ಅಂಗಡಿಯಾಗ ನೂರು ಮಂದಿ ತಕರಾರು ಕೇಳೂ ನನಗ ಆ ನಡುನೀರಿನಾಗ ಸಿಗೂ ಅರ್ಧಾ ತಾಸು ಜೀವಕ್ಕ ತಂಪು. ಅದನ್ನ ಕಳಕೊಳ್ಳಾಕ ನನಗ ಮನಸಿದ್ದಿಲ್ಲ.

ಉಸುಕಿನ ಬದ್ಲಿ ಮಾಸ್ತರು

ಅಲ್ಲಿಂದ ಭಾರದ ವಿಷಯದಾಗ ನಾನು ಭಾಳ ಕಟ್ಟುನಿಟ್ಟು ಆದೆ. ಆದ್ರ ಮಂದಿಗೆ ಒಂದ ಮಾತು: "ಹೆಂಗೂ ಖಾಲಿ ಹೊಂಟೀರಿ." ಒಬ್ಬಾಕಿ ಆಚೆ ಊರಾಗಿನ ಮಗಳಿಗೆ ರೊಟ್ಟಿ ಗಂಟು ತಂದ್ಲು. ಒಬ್ಬಾಂವ ಲಗ್ನಪತ್ರಿಕಿ ಕಟ್ಟು ತಂದ. ಇನ್ನೊಬ್ಬಾಂವ ಮಲಗೂ ಹೊರಸು ತಂದು, "ಇದು ಭಾರಿಲ್ಲ ಬಿಡ್ರಿ, ನಡುವ ಬರೇ ಹಗ್ಗ" ಅಂದ.

ಒಂದು ದಿನ ಬಡಕಲು ಮಾಸ್ತರೊಬ್ರು ಬಂದು ಮುಂದಿನ ಚೀಲ ತೋರಿಸಿ ಕೇಳಿದ್ರು: "ಅದು ಎಷ್ಟು ಭಾರ ಐತಿ?"

"ಅರ್ಧಾ ಕ್ವಿಂಟಲ್‌ಕ್ಕಿಂತ ಒಂದೀಟು ಕಡಿಮಿ."

"ನಾನೂ ಅಷ್ಟ ಅದೇನಿ. ಅದನ್ನ ಇಳಿಸಿ ನನ್ನ ಇಡ್ರಿ."

"ಸರ, ಉಸುಕು ಹೊಳ್ಳಿ ನೋಡೂದಿಲ್ಲ, ಮಾತಾಡೂದಿಲ್ಲ, ಫೋಟೋ ಹೊಡಿಯೂದಿಲ್ಲ" ಅಂದೆ.

ಮಾಸ್ತರಿಗೆ ಸಿಟ್ಟು ಬಂತು. ಮೇಸ್ತ್ರಿ ಮನಷ್ಯಾರನ್ನ ಬಿಟ್ಟು ಉಸುಕು ಒಯ್ತಾನ ಅಂತ ಊರಾಗ ಹೇಳಿದ್ರು. ಅದು ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ, ನಾನು ಕಳ್ಳ ಉಸುಕು ಸಾಗಸ್ತೀನಿ ಅಂತ ಆತು. ನಾಕನೇ ದಿನಕ್ಕ ತಾಲೂಕು ಕಚೇರಿಯಿಂದ ಒಬ್ಬ ಸಾಹೇಬ್ರು ದಂಡಿಗೆ ಬಂದು ನಿಂತ್ರು. ಪಾಪ, ಒಳ್ಳೇ ಮನಷ್ಯಾ, ಶಾಂತವಾಗೇ ಕೇಳಿದ್ರು.

"ಈ ಉಸುಕು ಎಲ್ಲಿಗೆ ಒಯ್ತೀರಿ?"

"ಆಚೆ ದಂಡಿಗ್ರಿ."

"ಅಲ್ಲಿ ಯಾರಿಗೆ ಕೊಡ್ತೀರಿ?"

"ಯಾರಿಗೂ ಇಲ್ರಿ. ಹೊಳ್ಳಿ ತರ್ತೀನಿ."

"ನಾಳೆ?"

"ಮತ್ತ ಇದನ್ನ ಒಯ್ತೀನ್ರಿ."

ಸಾಹೇಬ್ರು ಪೆನ್ನು ಕಿಸೇದಾಗ ಇಟ್ರು. ನನ್ನ ಹೆಗಲ ಮ್ಯಾಲೆ ಕೈ ಹಾಕಿ ಮೆತ್ತಗ, "ಮನಿಯಾಗ ಎಲ್ಲಾ ಆರಾಮ ಅದಾರಿಲ್ಲ?" ಅಂದ್ರು.

ಖಾಲಿ ಕಳಸಬಾರದು

ಹೋದ ಶ್ರಾವಣದಾಗ ಮ್ಯಾಲೆ ಎಲ್ಲೋ ಮಳಿ ಆಗಿ ಹೊಳಿ ತುಂಬಿತ್ತು. ನಮ್ಮಲ್ಲಿ ಮಾತ್ರ ಹನಿ ಇಲ್ಲ. ಆಚೆ ದಂಡಿಯ ಒಬ್ಬ ಮುದುಕಿ ಆಯಿಯ ಹೊಲದ ದಾರಿ ನೀರಾಗ ಮುಳಗಿತ್ತು, ಹೊಲದಾಗ ಉಳ್ಳಾಗಡ್ಡಿ ಅಗಿ ಸಸಿ ಬಾಡಾಕತ್ತಿತ್ತು. ಆಕಿ ಮೋಟರು ರಿಪೇರಿ ಆಗಿ ನನ್ನ ಅಂಗಡಿಯಾಗ ಕುಂತಿತ್ತು.

"ಮಗಾ, ನಾಳೆ ನೀರು ಹಾಯಲಿಲ್ಲಂದ್ರ ಅಗಿ ಹೋತು" ಅಂತ ಫೋನಿನ್ಯಾಗ ಅಂದ್ಲು. ಇಲ್ಲ ಅನ್ನಾಕ ಬಾಯಿ ಬರಲಿಲ್ಲ.

ಮರುದಿನ ಮುಂಜಾನೆ ಹೇಂತಿ ತಾನೂ ದಂಡಿಗೆ ಬಂದ್ಲು. ಮೋಟರಿನ ಕೆಳಗ ಗೋಣಿತಟ್ಟು ಹಾಸಿ, ಹೊಳ್ಳದಂಗ ಎರಡೂ ಕಡೆ ಕಟ್ಟಿಗಿ ತುಂಡು ಕೊಟ್ಟೆ. ಉಸುಕು ಮುಂದ, ಪಾನಾ ಪೆಟಗಿ ಹಿಂದ, ನಾನು ಮೊಣಕಾಲೂರಿ ನಡುವಿನ ಸನೇಕ. ಎಡಕ್ಕೂ ಬಲಕ್ಕೂ ನೀರಿನ ಮ್ಯಾಲೆ ಎಷ್ಟು ದೋಣಿ ಉಳದೈತಿ ಅಂತ ಬಟ್ಟು ಇಟ್ಟು ಅಳದೆ. ಹೇಂತಿ ಕಲ್ಲಿನ ಮ್ಯಾಲೆ ಕುಂತು ನೋಡಿದ್ಲು.

ದೋಣಿ ನೆಟ್ಟಗ ಆಚೆ ಮುಟ್ಟಿತು. ಮೋಟರು ಕೂಡಿಸಿ ಚಾಲೂ ಮಾಡಿದೆ. ನೀರು ಪೈಪಿನಿಂದ ಧಡ್ ಅಂತ ಬಿದ್ದಾಗ ಆಯಿ ಬೊಗಸಿಲೆ ಹಿಡದು ಕಣ್ಣಿಗೆ ಹಚ್ಕೊಂಡ್ಲು.

ಹೊಳ್ಳಿ ಹೊಂಡಾಕ ನಿಂತಾಗ ಆಯಿ ಉಸುಕಿನ ಚೀಲ ಎಳದು ಬದೀಗೆ ಉರಳಿಸಿದ್ಲು. "ಮಣ್ಣು ಹೊತ್ಕೊಂಡು ಹೋಗ್ತೀಯೇನು ನನ್ನ ಹೊಲದಿಂದ? ತುಂಬಿದ ಡಬ್ಬಿ ಬಂದ್ರ ಖಾಲಿ ಹೊಳ್ಳಿ ಕಳಸ್ತಾರೇನು?"

"ಆಯಿ, ಇದು ಡಬ್ಬಿ ಅಲ್ಲ, ದೋಣಿ."

"ಬರುವಾಗ ತುಂಬಿ ಬಂತಿಲ್ಲ? ಹಂಗಾರ ಡಬ್ಬೀನ."

ಒಂದು ಚೀಲ ಹೆಸರುಕಾಯಿ, ಒಂದು ಬುಟ್ಟಿ ಸೌತಿಕಾಯಿ, ಏಳು ಕುಂಬಳಕಾಯಿ. ಆಕಿ ತಂದು ಒಗಿಯೂದು, ನಾನು ಜೋಡಸೂದು. ಮುಂದ ಮೂರು, ನಡುವ ನಾಕು, ನಡುವಿನವು ಉರಳದಂಗ ಹೆಸರುಕಾಯಿ ಚೀಲದ ಆಸರ. ಅರ್ಧಾ ತಾಸು ಹಿಡೀತು. "ಮಗಳ ಬಾಣಂತನಕ್ಕೂ ನಾ ಇಷ್ಟು ಒದ್ದಾಡಿಲ್ಲ" ಅಂದ್ಲು ಆಯಿ.

ನಡುನೀರಿನಾಗ ಗಾಳಿ ಎದ್ದಿತು. ದೋಣಿ ಹೆಸರಿಗೂ ಹೊಳ್ಳಲಿಲ್ಲ. ಆ ಖುಷಿ ಹೇಳಾಕ ಬರೂದಿಲ್ಲ. ದಂಡಿ ಸನೇಕ ಬಂದಾಗ ನೋಡಿದ್ರ ಏಳೆಂಟು ಮಂದಿ ಕೈ ಕೊಡಾಕ ಸೀರಿ-ಧೋತರ ಎತ್ತಿಕೊಂಡು ತಯಾರ ನಿಂತಾರ. ದೂರಿಂದನ ಕೂಗಿದೆ: "ಯಾರೂ ಮುಟ್ಟಬ್ಯಾಡ್ರಿ. ನಾನ ಇಳೀತೀನಿ."

ಎಲ್ಲಾರೂ ಮಾತು ಕೇಳಿ ನಿಂತ್ರು. ಹೇಂತಿ ಒಬ್ಬಾಕಿ ನಿಲ್ಲಲಿಲ್ಲ. ಮುಂಜಾನೆ ಕುಂತ ಕಲ್ಲಿನಿಂದ ಎದ್ದಾಕಿ ಸೀದಾ ನೀರಿಗೆ ಬಂದ್ಲು. "ಬಂದ್ರಲ್ಲ, ಬಂದ್ರಲ್ಲ" ಅನಕೋಂತ, ಇನ್ನ ಬಿಡೂದಿಲ್ಲ ಅನ್ನೂವಂಗ ಎರಡೂ ಕೈಲೆ ದೋಣಿ ಅಂಚು ಹಿಡದು ಪೂರಾ ಮೈಭಾರ ಹಾಕಿದ್ಲು. ಕುಂಬಳಕಾಯಿ ಒಂದರ ಹಿಂದ ಒಂದು ಆಕಿ ಕಡೆ ಉರಳಿದ್ವು. ಅವುಗಳ ಹಿಂದ ನಾನು.

ಮೊಣಕಾಲುದ್ದ ನೀರು. ಇಬ್ಬರೂ ಅದರಾಗ ಕುಂತಿದ್ವಿ. ದೋಣಿ ಹೊಟ್ಟಿ ಮ್ಯಾಲೆ ಮಾಡಿ ಬಿದ್ದಿತ್ತು. ದಂಡಿಮ್ಯಾಲಿನವ್ರೆಲ್ಲಾ ಹೇಂತಿ ಮುಖಾನ ನೋಡಾಕತ್ತಿದ್ರು, ಆಣಿ ವಿಷಯ ಇಡೀ ಊರಿಗೆ ಗೊತ್ತಿತ್ತು. ನನ್ನ ದೋಣಿ ಹೋತು ಅಂತ ನನ್ನ ಕಣ್ಣಾಗ ನೀರ ಬಂತು.

ಆಕಿ ಮುಖ ಒರಸ್ಕೊಂಡು ತಲಿಮ್ಯಾಲೆ ಸೆರಗು ಹೊದ್ಕೊಂಡ್ಲು. ದೋಣಿ ನೋಡಿದ್ಲು, ಮಂದಿ ನೋಡಿದ್ಲು, ಆಮ್ಯಾಲೆ ನನ್ನ ನೋಡಿ ಎಲ್ಲಾರಿಗೂ ಕೇಳೂವಂಗ ಅಂದ್ಲು:

"ಇದನ್ನ ಲೆಕ್ಕಕ್ಕ ತಗೋಬ್ಯಾಡ್ರಿ, ಇದು ನಾ ಕೆಡವಿದ್ದು. ಏಳ್ರಿ ಜಲ್ದಿ, ಕುಂಬಳಕಾಯಿ ಹೊಂಟ್ವು."