ನಮ್ಮ ನೀಲಿ ಸೀರೆಯನ್ನು ಕಪ್ಪು ಮಾಡಿದ ಪರದೆಯವರಿಗೆ

ದೊಡ್ಡ ಮೊಬೈಲ್ ಕಂಪನಿಯ ಡಿಸ್‌ಪ್ಲೇ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ.

ಮಾನ್ಯರೇ,

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಬಜಾರಿನಲ್ಲಿ ಮೂವತ್ತು ವರ್ಷಗಳಿಂದ ಅರಿವೆ ಅಂಗಡಿ ನಡೆಸುತ್ತಿರುವ ಗುರುಲಿಂಗಪ್ಪನು ತಮಗೂ, ತಮ್ಮ ಮನೆಯವರಿಗೂ, ತಾವು ಸಾಕಿಕೊಂಡಿರುವ ಲಕ್ಷಾಂತರ ಪಿಕ್ಸೆಲ್‌ಗಳಿಗೂ ಶರಣು ಹೇಳಿ ಮಾಡಿಕೊಳ್ಳುವ ಅರಿಕೆ. ಈ ಪತ್ರವನ್ನು ಮರಾಠಿಯಲ್ಲಿ ಬರೆದರೆ ಒಳ್ಳೆಯದೆಂದು ನನ್ನ ಮಗ ರವಿಕಾಂತ ಸೂಚಿಸಿದ. ಆದರೆ ನಮ್ಮ ಮನೆಯಲ್ಲಿ ವ್ಯಾಪಾರ ಮರಾಠಿಯಲ್ಲೂ ತಕರಾರು ಕನ್ನಡದಲ್ಲೂ ನಡೆಯುವ ರೂಢಿ ಇರುವುದರಿಂದ ತಾವು ದೊಡ್ಡ ಮನಸ್ಸು ಮಾಡಬೇಕು.

ಈ ರವಿಕಾಂತನಿಗೆ ನಿಲಂಗಾದ ಕಿರಾಣಿ ವ್ಯಾಪಾರಿ ವೈಜಿನಾಥರ ಮಗಳು ಮೀನಲಳನ್ನು ಗೊತ್ತು ಮಾಡಿದ್ದೇವೆ. ನಿಶ್ಚಯದ ದಿನ ಹುಡುಗಿಗೆ ಉಡಿಸುವ ಸೀರೆ ಗಂಡಿನ ಕಡೆಯಿಂದಲೇ ಹೋಗಬೇಕಾದ್ದರಿಂದ, ಅಂಗಡಿಯ ಕಪಾಟನ್ನೆಲ್ಲ ಕೆಳಗಿಳಿಸಿ, ಕೆಂಪು ಸೆರಗಿನ ದಟ್ಟ ನೀಲಿ ರೇಷ್ಮೆ ಸೀರೆಯೊಂದನ್ನು ನಾನೇ ಆರಿಸಿದೆ. ನಿಲಂಗಾ ನಮ್ಮಿಂದ ಎಸ್‌ಟಿ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಸೀರೆಯನ್ನೇ ಒಯ್ದು ತೋರಿಸಬಹುದಿತ್ತು. ತಮ್ಮಂಥವರು ಇರುವಾಗ ಬಸ್ಸಿನ ಧೂಳು ಏಕೆ ತಿನ್ನಬೇಕೆಂದು ಫೋಟೋ ತೆಗೆದು ಬೀಗರಿಗೆ ಕಳಿಸಿಬಿಟ್ಟೆ.

ನನ್ನ ಫೋನು ತಾವು ಐದು ವರ್ಷದ ಹಿಂದೆ ಮಾಡಿದ ಸಾದಾ ಎಲ್‌ಸಿಡಿ. ಅದರಲ್ಲಿ ಸೀರೆ ನೀಲಿಯಾಗಿಯೇ ಇತ್ತು. ಬೀಗರದೋ ತಮ್ಮ ಈ ವರ್ಷದ ಮಾದರಿ, ಆರು ಪಾಯಿಂಟ್ ಎಂಟು ಇಂಚಿನ ಅಮೋಲೆಡ್. ಕಪ್ಪು ಇರುವಲ್ಲಿ ದೀಪವೇ ಆರಿಹೋಗಿ ಅಪ್ಪಟ ಕಪ್ಪು ಕಾಣುತ್ತದೆಂದು ತಾವು ಜಾಹೀರಾತಿನಲ್ಲಿ ಕೊಟ್ಟ ಮಾತನ್ನು ಎಷ್ಟು ನಿಷ್ಠೆಯಿಂದ ಉಳಿಸಿಕೊಂಡಿರೆಂದರೆ, ಕಪ್ಪಿಗೆ ತುಸು ಹತ್ತಿರವಿದ್ದ ನಮ್ಮ ನೀಲಿಯ ದೀಪವನ್ನೂ ಆರಿಸಿದಿರಿ. ಇಂಥ ಧಾರಾಳತನ ಈಗಿನ ಕಾಲದಲ್ಲಿ ಅಪರೂಪ.

ಅರ್ಧ ತಾಸಿನಲ್ಲಿ ಮೀನಲಳ ಅಜ್ಜಿ ಶೇವಂತಾಬಾಯಿಯವರ ಫೋನು ಬಂತು. "ನಮ್ಮ ಹುಡುಗಿಗಿ ಕರಿ ಸೀರಿ ಉಡಸ್ತೀರೇನ್ರೀ ಬೀಗ್ರ? ಸಂಕ್ರಾಂತಿ ಹೋಗಿ ಎಷ್ಟ್ ದಿನಾ ಆತು!" ಎಂದರು. ತಮ್ಮ ಕಾರ್ಖಾನೆಯವರಿಗೆ ತಿಳಿಯದಿರಬಹುದು: ನಮ್ಮ ಮರಾಠಿ ನೆರೆಯವರು ಹೊಸ ಸೊಸೆಗೆ ಸಂಕ್ರಾಂತಿಯಲ್ಲಿ ಕಪ್ಪು ಸೀರೆ ಉಡಿಸಿ ಸಂಭ್ರಮಿಸುತ್ತಾರೆ, ಆದರೆ ನಿಶ್ಚಯಕ್ಕೆ ಕಪ್ಪು ತಂದ ಬೀಗರನ್ನು ಶೇವಂತಾಬಾಯಿಯವರು ಹೊಸ್ತಿಲು ದಾಟಿಸುವವರಲ್ಲ. ನೀಲಿ ಇದೆ ಎಂದು ಎಷ್ಟು ಹೇಳಿದರೂ, "ನಮ್ಮ ಫೋನ್ ಹೊಸಾದದ. ಅರಿವಿ ಮಾರೋರಿಗೇ ಬಣ್ಣಾ ಗೊತ್ತಿಲ್ಲಂದ್ರ ಹುಡುಗಿ ಕೊಡೋದು ಹ್ಯಾಂಗ್ರೀ?" ಎಂದು ಇಟ್ಟುಬಿಟ್ಟರು. ಮಾನ್ಯರೇ, ಆ ದಿನ ನಾನು ಊಟ ಮಾಡಲಿಲ್ಲ. ಒಳ್ಳೆಯ ಸಂಬಂಧ ಕೈತಪ್ಪುವ ಭಯ ಒಂದು ಕಡೆ. ಬಣ್ಣ ತಿಳಿಯದವನೆಂದು ಈ ವಯಸ್ಸಿನಲ್ಲಿ ಅನ್ನಿಸಿಕೊಂಡ ಸಂಕಟ ಇನ್ನೊಂದು ಕಡೆ.

ಕೊನೆಗೆ ವೈಜಿನಾಥರೇ, "ಫೋನ್ ತಪ್ಪೋ ನೀವು ತಪ್ಪೋ, ಒಮ್ಮೆ ನೋಡೇ ಬಿಡೋಣ ಬರ್ರಿ" ಎಂದು ಉದಗೀರಕ್ಕೆ ಕರೆದು, ತಾಯಿ ಶೇವಂತಾಬಾಯಿಯವರನ್ನೂ ಕರೆತಂದರು. ಮೀನಲ ಅಲ್ಲಿ ಬಿ.ಎಡ್. ಓದುತ್ತಾಳೆ, ಅವರ ಪರಿಚಯದ ರೇವಣಸಿದ್ಧ ಎಂಬವರ ದೊಡ್ಡ ಮೊಬೈಲ್ ಅಂಗಡಿಯೂ ಅಲ್ಲೇ ಇದೆ. ರೇವಣಸಿದ್ಧರು ಗಾಜಿನ ಮೇಜಿನ ಮೇಲೆ ತಮ್ಮ ಕಂಪನಿಯ ಮಾದರಿಗಳನ್ನೆಲ್ಲ ಸಾಲಾಗಿ ಮಲಗಿಸಿ, ನಮ್ಮ ಸೀರೆಯ ಅದೇ ಫೋಟೋವನ್ನು ಎಲ್ಲದರಲ್ಲೂ ತೆರೆದರು. ಒಂದರಲ್ಲಿ ಬದನೆಕಾಯಿ, ಒಂದರಲ್ಲಿ ನವಿಲಿನ ಕತ್ತು, ಮತ್ತೊಂದರಲ್ಲಿ ಪೊಲೀಸರ ಜೀಪು. ಬೆಲೆ ಏರಿದಂತೆ ಕಪ್ಪೂ ಏರುತ್ತ ಹೋಗಿ, ಎಲ್ಲಕ್ಕಿಂತ ದುಬಾರಿಯಾದದ್ದರಲ್ಲಿ ಸೀರೆ ಕಾಣಲೇ ಇಲ್ಲ, ಸೆರಗು ಮಾತ್ರ ಉಳಿದಿತ್ತು.

ಅಲ್ಲಿ ಪಡೆದ ಜ್ಞಾನಕ್ಕಾಗಿ ತಮಗೆ ಋಣಿ. ತಾವು ಪರದೆಯನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತೀರೆಂದು ರೇವಣಸಿದ್ಧರು ತಿಳಿಸಿದರು. ನಾನು ಮಂದಿಗೆ ಅರಿವೆಯನ್ನು ಹಾಗೆ ಮೂಲೆಯಿಂದ ಮೂಲೆಗೆ ಅಳೆದುಕೊಟ್ಟಿದ್ದರೆ ಈ ಪತ್ರ ಬರೆಯಲು ಕೈಯೇ ಇರುತ್ತಿರಲಿಲ್ಲ. ಒಂದು ಇಂಚಿನಲ್ಲಿ ಐನೂರು ಚುಕ್ಕೆಗಳೆಂದಾಗ, ಇಂಚಿಗೆ ಎಷ್ಟು ಎಳೆ ಎಂದು ನೋಡಿ ಬಟ್ಟೆ ಕೊಳ್ಳುವ ನನಗೆ ತಮ್ಮ ನೇಯ್ಗೆಯ ಮೇಲೆ ಗೌರವವೇ ಮೂಡಿತು. ಇಷ್ಟು ಸಣ್ಣ ಎಳೆ ಹಾಕಿ ತಪ್ಪು ಬಣ್ಣ ನೇಯುವುದು ಎಲ್ಲರಿಂದ ಆಗುವ ಕೆಲಸವಲ್ಲ. ಹೀಗೆ ಹಿರಿಯರೆಲ್ಲ ಸೇರಿ, ಯಾವ ಫೋನು ನಿಜ ಹೇಳುತ್ತದೆ, ಎರಡೂ ಮನೆಗೆ ಅದನ್ನೇ ಕೊಂಡರೆ ಸಂಬಂಧ ಉಳಿಯುತ್ತದಲ್ಲವೇ ಎಂದು ಗಂಭೀರವಾಗಿ ಚರ್ಚಿಸುತ್ತಿದ್ದೆವು.

ಆಗ ಕಾಲೇಜಿನಿಂದ ಅಲ್ಲಿಗೆ ಬಂದಿದ್ದ ಮೀನಲ, "ಮಾಮಾ, ಸೀರಿ ಎಲ್ಲಿ ಅದರೀ?" ಎಂದಳು.

ಸೀರೆ ನನ್ನ ತೊಡೆಯ ಮೇಲಿನ ಚೀಲದಲ್ಲಿತ್ತು. ನನ್ನ ಹೆಂಡತಿ ಸುಗಂಧಾ ಬೆಳಗ್ಗೆಯೇ ಇಟ್ಟುಕೊಟ್ಟಿದ್ದಳು. ನಾನು ಅದರ ಮೇಲೆ ಮೊಣಕೈ ಊರಿಕೊಂಡು ಅದರ ಫೋಟೋ ನೋಡುತ್ತಿದ್ದೆ. "ಹೊರಗ ಬಿಸಲಿಗಿ ತರ್ರಿ" ಎಂದಳು ಹುಡುಗಿ. ಬಣ್ಣದ ಬಗ್ಗೆ ಅನುಮಾನಪಟ್ಟ ಗಿರಾಕಿಗೆ ಮೂವತ್ತು ವರ್ಷ ನಾನು ಹೇಳುತ್ತ ಬಂದಿದ್ದು ಇದೇ ಮಾತು. ರಸ್ತೆಯ ಮೇಲೆ, ಎರಡು ಆಟೋಗಳ ನಡುವೆ ಸೀರೆ ಬಿಚ್ಚಿದೆ. ಶೇವಂತಾಬಾಯಿಯವರು ಸೆರಗಿನಿಂದ ಚಷ್ಮಾ ಒರೆಸಿ ನೋಡಿ, "ಅಯ್ಯ, ನೀಲಿನೇ ಅದಲ್ಲೋ!" ಎಂದು ಮಗ ವೈಜಿನಾಥರನ್ನೇ ಗದರಿಸಿದರು. ನನ್ನ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆ ಆನಂದದಲ್ಲಿ ವೈಜಿನಾಥರು ಅಲ್ಲೇ ನಿಂತು ಇನ್ನೊಂದು ಫೋಟೋ ತೆಗೆದು ಬಳಗದವರಿಗೆಲ್ಲ ಕಳಿಸಿದರು, ಮತ್ತು ಅರ್ಧ ನಿಲಂಗಾ ಈಗ, ನಿಶ್ಚಯಕ್ಕೆ ಕರಿ ಸೀರೆ ಏಕೆ ಎಂದು ಕೇಳುತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಮುಂದಿನ ಮಾದರಿಯಲ್ಲಿ ಬೆಳಗಿನ ಹತ್ತು ಗಂಟೆಯ ಉಮರ್ಗಾದ ಬಿಸಿಲನ್ನು ಕೂಡಿಸಿಕೊಡಬೇಕು; ಬ್ಯಾಟರಿ ಬೇಗ ಮುಗಿದರೂ ಅಡ್ಡಿಯಿಲ್ಲ. ಅದು ಸಿದ್ಧವಾಗುವವರೆಗೆ, ಬರುವ ಸೋಮವಾರದ ನಿಶ್ಚಯಕ್ಕೆ ತಾವೇ ಸಕುಟುಂಬ ಬಂದು, ಬಾಗಿಲಲ್ಲಿ ನಿಂತು, ಬಂದ ಪ್ರತಿಯೊಬ್ಬರಿಗೂ ಕೈಮುಗಿದು ಇದು ನೀಲಿ ಎಂದು ಹೇಳಬೇಕು. ಊಟದ ವ್ಯವಸ್ಥೆ ನಮ್ಮದು.

ಅಪ್ಪಟ ಕಪ್ಪಿಗೆ ಬೆದರಿದರೂ ತಮ್ಮಲ್ಲಿ ನಂಬಿಕೆ ಬಿಡದ,
ತಮ್ಮ ವಿಶ್ವಾಸಿ,
ಗುರುಲಿಂಗಪ್ಪ
ಅರಿವೆ ವ್ಯಾಪಾರಿ, ಉಮರ್ಗಾ

ತಾ.ಕ.: ಬಸ್‌ಸ್ಟ್ಯಾಂಡಿಗೆ ನಮ್ಮನ್ನು ಬಿಡಲು ಬಂದಾಗ ಮೀನಲ ತನ್ನ ಫೋನು ತೋರಿಸಿದಳು. ತಮ್ಮದೇ ಕಂಪನಿಯ ಅತಿ ಅಗ್ಗದ ಮಾದರಿ, ಗಾಜು ಒಡೆದಿದೆ. "ಅಪ್ಪ ಮೊದಲನೇ ದಿನಾನೇ ಫೋಟೋ ಕಳ್ಸಿದ್ರು ಮಾಮಾ. ನನಗ ನೀಲಿನೇ ಕಂಡಿತ್ತು, ಮನಸಿಗಿ ಸೇರಿತ್ತು ಭೀ. ಯಾರೂ ಕೇಳಲೇ ಇಲ್ಲ" ಎಂದಳು. ಉಡುವವಳೊಬ್ಬಳನ್ನು ಬಿಟ್ಟು ಅಂಗಡಿಯ ಅಷ್ಟೂ ಫೋನುಗಳನ್ನು ನಾವು ಕೇಳಿದ್ದೆವು. ಇದಕ್ಕೆ ಮಾತ್ರ ತಮ್ಮನ್ನು ದೂರುವಂತಿಲ್ಲವಲ್ಲ ಎಂಬುದೇ ಈ ಪತ್ರದಲ್ಲಿ ನನಗೆ ಉಳಿದ ದುಃಖ.