ಕೆಂಪಗಾಗುವ ವಿಷಯದಲ್ಲಿ ಓವನ್ ಮಹಾಶಯರಿಗೆ ಒಂದು ಅಹವಾಲು

ಅಡುಗೆಮನೆಯ ಮೂಲೆಯಲ್ಲಿ ಗಾಂಭೀರ್ಯದಿಂದ ವಿರಾಜಮಾನರಾಗಿರುವ ಮಾನ್ಯ ಓವನ್ ಮಹಾಶಯರೇ,

ತಮ್ಮ ಎಲ್ಲ ಗುಂಡಿಗಳಿಗೂ, ಸಡಿಲವಾದ ಹಿಡಿಕೆಗೂ ನಮಸ್ಕಾರಗಳು. ತಾವು ಕ್ಷೇಮವೆಂಬುದು ತಮ್ಮಿಂದ ಹೊರಟ ಹೊಗೆಯಿಂದಲೇ ತಿಳಿಯಿತು. ನಾನು ಸಿಟಿ ಬಸ್ಸಿನ ನಿವೃತ್ತ ಡ್ರೈವರ್. ತಮ್ಮೊಡನೆ ವ್ಯವಹರಿಸುವ ಕೆಲಸ ಇಷ್ಟು ದಿನವೂ ನನ್ನ ಹೆಂಡತಿಯದಾಗಿತ್ತು. ಅವಳು ಬಚ್ಚಲುಮನೆಯಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡದ್ದರಿಂದ ಆ ಭಾಗ್ಯ ಈಗ ನನ್ನ ಪಾಲಿಗೆ ಬಂದಿದೆ.

ಅವಳ ಅಕ್ಕ, ಅಂದರೆ ನನ್ನ ಅತ್ತಿಗೆಯವರು, ಭಾನುವಾರ ಚಹಾಕ್ಕೆ ಬರುತ್ತೇನೆಂದೂ, ಹೋಗುವಾಗ ತಂಗಿಯನ್ನು ಪ್ಲಾಸ್ಟರ್ ಬಿಚ್ಚುವ ತನಕ ತನ್ನ ಮನೆಗೆ ಕರೆದೊಯ್ಯುತ್ತೇನೆಂದೂ ಫೋನಿನಲ್ಲಿ ಅಪ್ಪಣೆ ಕೊಡಿಸಿದರು. "ನಿನ್ನ ಗಂಡನಿಗೆ ನೀರು ಕಾಯಿಸೋಕೂ ಬರಲ್ಲ, ನಿನ್ನ ಹೊಟ್ಟೆ ಗತಿ ಏನೇ?" ಎಂಬ ಅವರ ಕಳಕಳಿ ಆಚೆ ಕೂತಿದ್ದ ನನಗೂ ಕೇಳಿಸಿತು. ಅವಳಿಲ್ಲದ ಮನೆಯಲ್ಲಿ ನನಗೆ ಒಂದು ದಿನ ಕಳೆಯುವುದೂ ಕಷ್ಟ. ಆದ್ದರಿಂದ, ಅವರ ಅಮ್ಮ ಮಾಡುತ್ತಿದ್ದ, ಅಕ್ಕತಂಗಿಯರಿಬ್ಬರೂ ಪ್ರಾಣ ಬಿಡುವ ಓಟ್ಸ್ ಮತ್ತು ಕೊಬ್ಬರಿ ತುರಿಯ ಬಿಸ್ಕತ್ತನ್ನು ನಾನೇ ಮಾಡಿ ಅತ್ತಿಗೆಯವರ ಬಾಯಿ ಮುಚ್ಚಿಸಬೇಕೆಂದು ಪಣ ತೊಟ್ಟೆ.

ಹೆಂಡತಿ ಕುರ್ಚಿಯಲ್ಲಿ ಕೂತು ಹೇಳಿದಂತೆ ಓಟ್ಸ್, ಕೊಬ್ಬರಿ, ಹಿಟ್ಟು, ಸಕ್ಕರೆ ಬೆರೆಸಿದೆ; ಬೆಣ್ಣೆಯನ್ನು ಬೆಲ್ಲದ ಪಾಕದೊಂದಿಗೆ ಕರಗಿಸಿದೆ; ಬಿಸಿನೀರಿನಲ್ಲಿ ಕದಡಿದ ಸೋಡ ಅದರೊಳಗೆ ಬಿದ್ದು ಬುಸುಬುಸು ಉಕ್ಕಿದಾಗ ಹಿಂದೆ ಸರಿದರೂ ಧೈರ್ಯಗೆಡಲಿಲ್ಲ. ಉಂಡೆಗಳು ಬೇಯುವಾಗ ಹರಡಿಕೊಳ್ಳುತ್ತವೆಂದು ಕೇಳಿ, ಡಿಪೋದಲ್ಲಿ ಬಸ್ಸು ನಿಲ್ಲಿಸುವ ಶಿಸ್ತಿನಿಂದ ಅಂತರ ಬಿಟ್ಟು ಜೋಡಿಸಿ ತಮ್ಮ ಉದರಕ್ಕೆ ಸಮರ್ಪಿಸಿದೆ. "ಕೆಂಪಗಾದ ಕೂಡಲೇ ಆರಿಸಿಬಿಡಿ" ಎಂದು ಹೇಳಿ ಅವಳು ಒರಗಿಕೊಳ್ಳಲು ಹೋದಳು.

ಮಾನ್ಯರೇ, ತಮ್ಮ ಔದಾರ್ಯ ಪ್ರಕಟವಾದದ್ದೇ ಇಲ್ಲಿ. ಗುಂಡಿ ತಿರುಗಿಸಿದ್ದೇ ತಡ, ತಮ್ಮ ಹಣೆಯ ದೀಪ ಕೆಂಪಗೆ ಹೊತ್ತಿಕೊಂಡಿತು. ಜೀವಮಾನವಿಡೀ ಕೆಂಪು ದೀಪ ಕಂಡಲ್ಲೆಲ್ಲ ಬ್ರೇಕು ಒತ್ತಿದವನು ನಾನು, ತಕ್ಷಣ ಆರಿಸಿದೆ. ಎದ್ದು ಬಂದ ಹೆಂಡತಿಗೆ ಹಸಿ ಉಂಡೆಗಳನ್ನು ಹೆಮ್ಮೆಯಿಂದ ತೋರಿಸಿದಾಗ ಅವಳು ನಕ್ಕು ನಕ್ಕು ಕೈನೋವು ಹೆಚ್ಚಿಸಿಕೊಂಡಳು. ಕೆಂಪಗಾಗಬೇಕಾದದ್ದು ದೀಪವಲ್ಲ, ಬಿಸ್ಕತ್ತು ಎಂದು ತಿಳಿದು, ಅವಳು ಪುನಃ ಒರಗಿಕೊಳ್ಳಲು ಹೋದ ಮೇಲೆ ಮತ್ತೆ ಹಚ್ಚಿದೆ. ಆದರೆ ಅಡುಗೆಮನೆಯಲ್ಲಿ ಹೊಂಬಣ್ಣಕ್ಕೂ ಕೆಂಪೆಂದೇ ಹೆಸರೆಂದು ನನಗಾರೂ ಹೇಳಲಿಲ್ಲ; ಸಿಗ್ನಲ್ಲಿನ ಕೆಂಪಿಗಾಗಿ ಕಾಯುತ್ತಾ ಕುಳಿತೆ. ತಾವೋ, ತುಟಿ ಪಿಟಕ್ಕೆನ್ನದೆ ಅವನ್ನು ನೇರ ಕಪ್ಪಿಗೇ ತಲುಪಿಸಿದಿರಿ. ನಡುವೆ ಎಲ್ಲೂ ನಿಲುಗಡೆ ಕೊಡದ ತಮ್ಮ ವೇಗವನ್ನು ಹಳೆಯ ಡ್ರೈವರಾಗಿ ಮೆಚ್ಚಲೇಬೇಕು.

ಆದಕಾರಣ ಇನ್ನು ಮುಂದೆ ತಾವು ದೀಪದ ಬಣ್ಣವನ್ನು ನೀಲಿಗೆ ಬದಲಾಯಿಸಿಕೊಳ್ಳಬೇಕೆಂದೂ, ಬಿಸ್ಕತ್ತು ಹದಕ್ಕೆ ಬಂದಾಗ ಒಮ್ಮೆ ಕೆಮ್ಮಬೇಕೆಂದೂ, ಸೀದ ಭಾಗವನ್ನು ತಾವೇ ನುಂಗಿ ಉಳಿದದ್ದನ್ನಷ್ಟೇ ಹೊರಗೆ ಕಳಿಸಬೇಕೆಂದೂ ಕೋರುತ್ತೇನೆ.

ಅತ್ತಿಗೆಯವರು ಬಂದೇ ಬಂದರು. ಒಂದನ್ನು ಕಚ್ಚಲು ಹೋಗಿ, ಹಲ್ಲಿನ ಮೇಲಿನ ಮಮತೆಯಿಂದ ಚಹಾದಲ್ಲಿ ಮುಳುಗಿಸಿದರು. ಅದು ಚಹಾಕ್ಕೂ ಜಗ್ಗಲಿಲ್ಲ. "ನಡಿ, ಬಟ್ಟೆ ತುಂಬ್ಕೋ" ಎಂದು ತಂಗಿಗೆ ಹೇಳಿದರು. ಆಗ ನನ್ನ ಹೆಂಡತಿ ಎಡಗೈಯಲ್ಲಿ ಒಂದು ಕರಿ ಬಿಸ್ಕತ್ತು ಎತ್ತಿಕೊಂಡು ಕಟಕಟನೆ ಅಗಿದು, "ನಾನು ಬರಲ್ಲಕ್ಕ. ಇವರೊಬ್ಬರನ್ನೇ ಬಿಟ್ಟು ಬಂದ್ರೆ, ವಾಪಸ್ ಬರೋ ಹೊತ್ತಿಗೆ ಮನೆ ಇರಲ್ಲ" ಎಂದಳು. ತಾವು ಹದವಾಗಿ ಬೇಯಿಸಿದ್ದರೆ ಅವಳು ನಿಶ್ಚಿಂತೆಯಿಂದ ಹೊರಟೇಬಿಡುತ್ತಿದ್ದಳೇನೋ! ಈ ಉಪಕಾರವನ್ನು ಮರೆಯಲಾರೆ. ದೂರನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ತಮ್ಮ ವಿಶ್ವಾಸಿ,
ಬೆರಳು ಸುಟ್ಟುಕೊಂಡ ಮಾಜಿ ಡ್ರೈವರ್

ವಿ.ಸೂ.: ತಂಗಿ ಬರದಿದ್ದರೆ ನಾನೇ ಇಲ್ಲಿರುತ್ತೇನೆಂದು ಅತ್ತಿಗೆಯವರು ಬೀಡುಬಿಟ್ಟಿದ್ದಾರೆ, ನಾಳೆ ಅವರ ಸ್ವಂತ ಓವನ್ನೂ ಬರುತ್ತದಂತೆ. "ಕೆಲಸಕ್ಕೆ ಬಾರದ ಹಳೇದನ್ನ ಬಾಲ್ಕನಿಗೆ ಹಾಕಿ" ಎಂದು ಅಪ್ಪಣೆಯಾಗಿದೆ. ಹೇಳಿದ್ದು ತಮ್ಮನ್ನೋ ನನ್ನನ್ನೋ ಎಂದು ಕೇಳುವ ಧೈರ್ಯ ನನಗಿಲ್ಲದ್ದರಿಂದ, ಇಬ್ಬರೂ ತಯಾರಾಗಿರುವುದು ಒಳ್ಳೆಯದು.