ಎಲ್ಲರಿಗೂ ಒಂದೊಂದು ಇಡ್ಲಿ

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕಂಪ್ಯೂಟರ್ ಬರುವುದಿಲ್ಲ ಎಂದವರು ಯಾರು? ನೌಪಾಡಾದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕುಳಿತು ಸಿಟ್ಟಿನ ಅಡುಗೆ ಭಟ್ಟರನ್ನೇ ಸಂಭಾಳಿಸಿದವನು ನಾನು. ಇದೊಂದು ಪೆಟ್ಟಿಗೆ ಯಾವ ಲೆಕ್ಕ!

ತಂಗಿ ಸುಮನಾ ಎಂ.ಟೆಕ್. ಓದುತ್ತಿದ್ದಾಳೆ. ಪ್ರೋಗ್ರಾಂ ಬರೆಯುವ ಪ್ರೋಗ್ರಾಂ ಮಾಡುವುದು ಅವಳ ಕೆಲಸ. ಅದು ಬರೆದ ಪ್ರೋಗ್ರಾಂ, ಸಪ್ಲೈಯರ್ ಮೊಬೈಲಿನಲ್ಲಿ ಒತ್ತಿದ ಆರ್ಡರನ್ನು ಅಡುಗೆಮನೆಯ ಪರದೆಗೆ ಕಳಿಸಬೇಕು. ಅಂದು ಮಧ್ಯಾಹ್ನ ಅವಳ ಮೇಡಂ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಪದವಿ. ಇಲ್ಲವಾದರೆ ಎಲ್ಲ ಮೊದಲಿನಿಂದ.

"ಈ ಟೈಪ್ ಟೈಪ್ ಅಂತೀಯಲ್ಲ, ಎಂತದು ಮಾರಾಯ್ತಿ?"

"ಕರಾರು, ಅಣ್ಣ. ಇಡ್ಲಿ ತಟ್ಟೆಗೆ ಇಡ್ಲಿ ಹಿಟ್ಟೇ ಹೋಗ್ಬೇಕು. ಸಾಂಬಾರ್ ಹೊಯ್ಲಿಕ್ಕೆ ಹೋದ್ರೆ ಮೊದ್ಲೇ ಬೊಬ್ಬೆ ಹೊಡೀಬೇಕು. ಬರುವುದೆಂತ, ಹೋಗುವುದೆಂತ ಅಂತ ಸರಿಯಾಗಿ ಹೇಳಿದ್ರೆ ನಡುವಿನದ್ದನ್ನು ಅದೇ ಬರೀತದೆ. ನೀನು ಮಾತ್ರ ಮುಟ್ಬೇಡ!"

ನನಗೂ ಅರ್ಥವಾಗಲೆಂದು ಕರಾರುಗಳನ್ನು ಕನ್ನಡದಲ್ಲೇ ಬರೆದಿದ್ದಳು, ಪಾಪ. ಅವಳು ಮೇಡಂರನ್ನು ಕರೆತರಲು ಸ್ಟೇಶನ್‌ಗೆ ಹೋದಳು. ಗಲ್ಲಾದ ಮೇಲಿದ್ದ ಅವಳ ಕಂಪ್ಯೂಟರಿನ ಪರದೆ ನೋಡಿದೆ. ಕೆಂಪು! 'ಈ ಕರಾರುಗಳಿಗೆ ಹೊಂದುವ ಪ್ರೋಗ್ರಾಂ ಸಿಗಲಿಲ್ಲ.' ಅಣ್ಣನಾದವನು ಸುಮ್ಮನಿರಬಹುದೇ? ಒಂದು ಕರಾರು ಅಳಿಸಿದೆ. ಕೆಂಪು. ಇನ್ನೊಂದು ಅಳಿಸಿದೆ. ಕೆಂಪು. ಕೊನೆಗೆ ಉಳಿದದ್ದು ಇಷ್ಟೇ: 'ಬರುವುದು ಆರ್ಡರ್, ಹೋಗುವುದು ತಿಂಡಿಗಳ ಪಟ್ಟಿ.' ಹಸಿರು!

ಹೋಟೆಲ್ ತುಂಬಿತು. ಅಡುಗೆಮನೆಯಿಂದ ಭಟ್ಟರು ಇಣುಕಿದರು. "ಇವತ್ತು ಗಿರಾಕಿಯೇ ಇಲ್ವಾ ಧಣಿ?"

ಅವರ ಪರದೆ ಖಾಲಿ. ಖಾಲಿ ಪಟ್ಟಿಯೂ ಪಟ್ಟಿಯೇ ತಾನೇ! ನಾನು ಗಾಂಭೀರ್ಯದಿಂದ ಒಂದು ಕರಾರು ಸೇರಿಸಿದೆ: 'ಪಟ್ಟಿ ಖಾಲಿ ಇರಬಾರದು.' ಯಂತ್ರ ಮೆನುವಿನ ಮೊದಲ ತಿಂಡಿಯನ್ನು ಹಿಡಿದುಕೊಂಡಿತು. ದೋಸೆ ಕೇಳಿದವರಿಗೆ ಒಂದು ಇಡ್ಲಿ. ಚಹಾ ಕೇಳಿದವರಿಗೆ ಒಂದು ಇಡ್ಲಿ. ಐದು ಜನರ ಸಂಸಾರಕ್ಕೂ ಒಂದು ಇಡ್ಲಿ!

"ಅಣ್ಣಾ, ಮಾಝಾ ಡೋಸಾ ಕುಠೇ?" ನನ್ನ ದೋಸೆ ಎಲ್ಲಿ ಎಂದು ಮರಾಠಿ ಗಿರಾಕಿಗಳು ಟೇಬಲ್ ಕುಟ್ಟಿದರು. ಅಷ್ಟರಲ್ಲಿ ಸುಮನಾ ಮೇಡಂ ಜೊತೆ ಬಂದು ಕುಳಿತಳು. ಅವರಿಗೂ ಹೋಯಿತು, ಒಂದು ಇಡ್ಲಿ.

"ನಾನು ಕಾಫಿ ಕೇಳಿದ್ದೆ ಅಲ್ವಾ?" ಎಂದರು ಮೈಸೂರಿನ ಮೇಡಂ.

ಸುಮನಾ ಪರದೆ ನೋಡಿದಳು, ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. "ನಾನೇ ಮುಟ್ಟಿದ್ದು," ಎಂದೆ.

ಅವಳು ಬೈಯಲಿಲ್ಲ. "ಅದು ತಪ್ಪು ಮಾಡ್ಲಿಲ್ಲ ಅಣ್ಣ. ನೀನು ಕೇಳಿದ್ದನ್ನೇ ಕೊಟ್ಟಿದೆ." ಅಳಿಸಿದ ಕರಾರುಗಳನ್ನು ಮತ್ತೆ ತಂದಳು, ಅವುಗಳಲ್ಲಿ ತಾನೇ ತಪ್ಪಾಗಿ ಬರೆದಿದ್ದ ಒಂದನ್ನು ತಿದ್ದಿದಳು. ಕೇಳಿದ ತಿಂಡಿ, ಕೇಳಿದಷ್ಟು, ಕೇಳಿದ ಟೇಬಲಿಗೇ. ಹಸಿರು! ಭಟ್ಟರ ಪರದೆ ತುಂಬಿತು, ಮೇಡಂಗೆ ಕಾಫಿ ಬಂತು.

"ಕರಾರು ಸಡಿಲ ಆದ್ರೆ ಏನಾಗುತ್ತೆ ಅಂತ ನಾನು ವಾರಗಟ್ಟಲೆ ಪಾಠ ಮಾಡ್ತೀನಿ. ನಿಮ್ಮಣ್ಣ ಒಂದು ಇಡ್ಲೀಲಿ ಮುಗಿಸಿಬಿಟ್ರು!" ಎಂದು ಮೇಡಂ ನಕ್ಕು, ಸುಮನಾಳ ಕೆಲಸವನ್ನು ಒಪ್ಪಿದರು. ದೇವರು ದೊಡ್ಡವನು. ನನ್ನ ತಂಗಿ ಅವನಿಗಿಂತ ತುಸು ದೊಡ್ಡವಳು.

ರಾತ್ರಿ ಡೊಂಬಿವ್ಲಿಯ ಮನೆಯಲ್ಲಿ ಊಟಕ್ಕೆ ಕುಳಿತು ಹೆಂಡತಿಗೆ ಎಲ್ಲವನ್ನೂ ವಿವರಿಸಿದೆ.

"ನನ್ನ ಅಪ್ಪನೂ ಹೀಗೆಯೇ," ಎಂದಳು. "'ಹೋಟೆಲ್ ಇರುವ ಗಂಡು ಸಾಕು' ಅಂದ್ರು. ಬೇರೆ ಕರಾರೇ ಹಾಕ್ಲಿಲ್ಲ!"

ತಟ್ಟೆ ನೋಡಿದೆ. ಒಂದೇ ಇಡ್ಲಿ.